ಒಂದಕ್ಕೆ ಎಂಬತ್ತೇಳು

ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಸಕಲೇಶಪುರದ ಘಟ್ಟ ಹಿಡಿಸುವುದಿಲ್ಲ ಎಂದು ಗೊತ್ತಾದದ್ದು ಒಂದು ಭಾಗಾಕಾರದಿಂದ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು. 87ರಿಂದ ಭಾಗಿಸಿದರೆ 632 ಮೀಟರು. ರೂಮಿನ ಉದ್ದ ಹನ್ನೊಂದು ಅಡಿ. ಅಂದರೆ ನನ್ನ ರೈಲು ಹಿತ್ತಲ ಗೋಡೆ ಒಡೆದುಕೊಂಡು ಹೊರಟರೆ ಗಣಪತಿ ದೇವಸ್ಥಾನ, ಹಾಲಿನ ಬೂತು, ಪಾರ್ಕು ಎಲ್ಲ ದಾಟಿ, ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಎಲೆ ಹಾಕುವ ಹೊತ್ತಿಗೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನು ಬರುತ್ತದೆ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವನಿಗೆ ಈ ಲೆಕ್ಕ ಮೊದಲೇ ಹೊಳೆಯಬೇಕಿತ್ತು. ಪ್ಲೈವುಡ್ಡು ತಂದ ಮೇಲೆ ಹೊಳೆಯಿತು.

ಮಾದರಿ ರೈಲಿನ ಹುಚ್ಚು ಹತ್ತಿದವರಲ್ಲಿ ಬಹಳ ಮಂದಿ ಬಳಸುವ ಅಳತೆಗೆ ಎಚ್‌ಒ ಎಂದು ಹೆಸರು. ನಿಜದ 87 ಅಡಿ ಅಲ್ಲಿ ಒಂದು ಅಡಿ. ಎರಡು ಹಳಿಗಳ ನಡುವೆ 16.5 ಮಿಲಿಮೀಟರು. ನನ್ನ ತಲೆನೋವು ಇಲ್ಲಿಂದಲೇ ಶುರು. 16.5ನ್ನು 87ರಿಂದ ಗುಣಿಸಿ ನೋಡಿ, ಯುರೋಪಿನವರ 1435 ಮಿಲಿಮೀಟರಿನ ಗೇಜು ಹೆಚ್ಚುಕಮ್ಮಿ ಸರಿಯಾಗಿ ಬರುತ್ತದೆ. ನಮ್ಮ ಬ್ರಾಡ್‌ಗೇಜು 1676. ನಾನು ಹುಡುಗನಾಗಿ ಓಡಾಡಿದ ಮೀಟರ್‌ಗೇಜು 1000. ಹಾಗಾಗಿ ಅಂಗಡಿಯಲ್ಲಿ ಸಿಗುವ ಹಳಿ ನಮ್ಮ ದೊಡ್ಡ ರೈಲಿಗೆ ಬಿಗಿ, ಚಿಕ್ಕ ರೈಲಿಗೆ ದೊಗಳೆ. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮಿನ ಹಾಗೆ, ಯಾವ ತಿಂಗಳೂ ಮೈಗೆ ಕೂರುವುದಿಲ್ಲ.

ಈ ಹುಚ್ಚಿನ ಮೂಲ ಹುಡುಕಿಕೊಂಡು ನಾನು ಸೀಮೆ ದಾಟಬೇಕಿಲ್ಲ. ಮೈಸೂರಿನಲ್ಲಿ ಬೊಂಬೆ ಕೂರಿಸುವ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು: ಮೆಟ್ಟಿಲ ಮೇಲೆ ಪಟ್ಟದ ಬೊಂಬೆಗಳ ರಾಜ್ಯಭಾರ, ಕೆಳಗೆ ನೆಲದ ಮೇಲೆ ಮಕ್ಕಳ ಕಾರುಬಾರು. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿ ಪೈರೇ ಗದ್ದೆ. ಒಡೆದ ಕನ್ನಡಿಯ ಚೂರೇ ಕನ್ನಂಬಾಡಿ ಕಟ್ಟೆ. ಇವುಗಳ ಸುತ್ತ ನನ್ನದೊಂದು ಕೀಲಿ ಕೊಡುವ ತಗಡಿನ ರೈಲು. ಅದು ಎರಡು ಸುತ್ತು ಸರಿಯಾಗಿ ಹೋಗಿ ಮೂರನೆಯದಕ್ಕೆ ತಪ್ಪದೆ ಕನ್ನಂಬಾಡಿಗೆ ಬೀಳುತ್ತಿತ್ತು. ಅರಿಶಿನ ಕುಂಕುಮಕ್ಕೆ ಬಂದವರು ಪಟ್ಟದ ಬೊಂಬೆಗೆ ಕೈಮುಗಿದು, ನನ್ನ ಅಪಘಾತ ನೋಡುವುದಕ್ಕೆ ಒಂದು ನಿಮಿಷ ನಿಲ್ಲುತ್ತಿದ್ದರು.

1988ರಲ್ಲಿ ಇಂಗ್ಲೆಂಡಿನಿಂದ ಬಂದ ಭಾವ ಒಂದು ಡಬ್ಬ ಕೊಟ್ಟರು. ಕಪ್ಪು ಉಗಿ ಎಂಜಿನ್ನು, ಎರಡು ವ್ಯಾಗನ್ನು, ಮೊಟ್ಟೆಯಾಕಾರಕ್ಕೆ ಜೋಡಿಸುವ ಹಳಿ, ಇಟ್ಟಿಗೆಯಷ್ಟು ಭಾರದ ಕಂಟ್ರೋಲರು. ಆ ದೇಶದವರ ಅಳತೆ ಒಂದಕ್ಕೆ 76, ಓಡಿಸುವುದು ಒಂದಕ್ಕೆ 87ರ ಹಳಿಯ ಮೇಲೆ. ಯಾಕೆಂದರೆ ಅವರ ನಿಜವಾದ ಎಂಜಿನ್ನುಗಳೇ ಸಣಕಲು. ಅವನ್ನು 87ಕ್ಕೆ ಇಳಿಸಿದರೆ ಆ ಕಾಲದ ಮೋಟರು ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಮೈಯನ್ನು ಮಾತ್ರ ದಪ್ಪ ಮಾಡಿ ಕಾಲನ್ನು ಹಾಗೇ ಬಿಟ್ಟರು. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಮಾಡಿದ್ದರೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಅವರು ಅದನ್ನೇ ದೇಶದ ಪದ್ಧತಿ ಮಾಡಿಕೊಂಡು ಕೂತಿದ್ದಾರೆ.

ಆರಡಿ ನಾಲ್ಕಡಿಯ ಹಲಗೆಯ ಮೇಲೆ ಎಂಟು ವರ್ಷ ಅದು ಓಡಿತು. 1996ರಲ್ಲಿ ಅಂಬೆಗಾಲಿಡುತ್ತಿದ್ದ ಮಗಳು ಸ್ಟೇಷನ್ ಮಾಸ್ತರನನ್ನು ಬಾಯಿಗೆ ಹಾಕಿಕೊಂಡಳು. ಆತನನ್ನು ಕ್ಷೇಮವಾಗಿ ಹೊರತೆಗೆದ ಸಂಜೆಯೇ ನಮ್ಮವಳು ಮಾರ್ಗ ರದ್ದುಮಾಡಿ ಸಾಮಾನನ್ನು ಅಟ್ಟಕ್ಕೇರಿಸಿದಳು. ಅದೇ ವರ್ಷ ಸಕಲೇಶಪುರದ ಘಟ್ಟದ ಮಾರ್ಗವನ್ನೂ ಮೀಟರ್‌ಗೇಜಿನಿಂದ ಬ್ರಾಡ್‌ಗೇಜಿಗೆ ಬದಲಿಸಲು ಮುಚ್ಚಿದರು. 1979ರಲ್ಲಿ ತೆರೆದ ದಾರಿ ಅದು. 57 ಸುರಂಗ, ನೂರಕ್ಕೂ ಮೀರಿದ ಸೇತುವೆ, ಐವತ್ತಡಿ ಹೋದರೆ ಒಂದಡಿ ಏರು. ಅಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಕೊನೆಗೆ. ಹನ್ನೊಂದು ವರ್ಷ ತಡ ಎಂದು ಜನ ಗೊಣಗಿದರು. ನನ್ನ ಮಾರ್ಗ ತೆರೆಯುವುದಕ್ಕೆ 28 ವರ್ಷ ಹಿಡಿಯಿತು. ಯಾರೂ ಗೊಣಗಲಿಲ್ಲ.

ರಿಟೈರಾದ ವರ್ಷ ದಸರೆಗೆ ಬೊಂಬೆಯ ಪೆಟ್ಟಿಗೆ ಇಳಿಸಲು ಅಟ್ಟ ಹತ್ತಿದೆ. ಪೆಟ್ಟಿಗೆಯ ಹಿಂದೆ ಆ ಡಬ್ಬ. ಹಲಗೆಯನ್ನು ಗೆದ್ದಲು ತಿಂದಿತ್ತು. ಎಂಜಿನ್ನು ಮಾತ್ರ ಕಪ್ಪಗೆ, ತೆಪ್ಪಗೆ ಕೂತಿತ್ತು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಡಬ್ಬ ಇಳಿಸಿಕೊಂಡು ಬಂದೆ. ಆ ವರ್ಷ ನಮ್ಮ ಮನೆಯಲ್ಲಿ ಬೊಂಬೆ ಕೂತದ್ದು ಒಂದು ದಿನ ತಡವಾಗಿ.

ಕಂಟ್ರೋಲರಿನ ಗುಂಡಿ ತಿರುಗಿಸಿದರೆ ಎಂಜಿನ್ನು ಮಿಸುಕಲಿಲ್ಲ, ಕಂಟ್ರೋಲರು ಮಾತ್ರ ತಂಬೂರಿಯಂತೆ ಶ್ರುತಿ ಹಿಡಿಯಿತು. ಈ ರೈಲಿಗೆ ಕರೆಂಟು ಬರುವುದು ಹಳಿಯಿಂದ. ಒಂದು ಹಳಿ ಪ್ಲಸ್ಸು, ಇನ್ನೊಂದು ಮೈನಸ್ಸು, ಹನ್ನೆರಡು ವೋಲ್ಟು ಗಾಲಿಯ ಮೂಲಕ ಮೋಟರಿಗೆ ಹತ್ತಬೇಕು. ನಡುವೆ ಕಿಲುಬು ಕೂತಿದ್ದರೆ ಮುಗಿಯಿತು. ಹಳಿಯನ್ನು ಮಕ್ಕಳ ರಬ್ಬರಿನಿಂದ ಉಜ್ಜಿದೆ. ಸ್ಯಾಂಡ್‌ಪೇಪರು ಮುಟ್ಟಬಾರದು, ಅದು ಎಳೆದ ಗೀರಿನಲ್ಲೇ ಮತ್ತೆ ಕೊಳೆ ಕೂರುತ್ತದೆ. ಗಾಲಿಗಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ. ಹೊಟ್ಟೆ ಬಿಚ್ಚಿದರೆ ಭಾವನ ಕಾಲದ ಎಣ್ಣೆ ಹಲಸಿನ ಮೇಣವಾಗಿ ಗೇರಿನ ಹಲ್ಲುಗಳ ಸಂದಿಯಲ್ಲಿ ಕೂತಿತ್ತು. ಅದನ್ನು ಹಲ್ಲುಕಡ್ಡಿಯಿಂದ ಕೆದಕಿ, ಸೂಜಿಯ ತುದಿಯಿಂದ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ಒಂದು ಹನಿ. ಈ ನಡುವೆ ಸಾಸಿವೆಗಿಂತ ಚಿಕ್ಕ ಸ್ಕ್ರೂ ಕೆಳಗೆ ಬಿತ್ತು. ಹುಡುಕಲು ನೆಲಕ್ಕೆ ಕೂತೆ. ಸ್ಕ್ರೂ ಹತ್ತು ನಿಮಿಷಕ್ಕೆ ಸಿಕ್ಕಿತು, ನಾನು ಏಳುವುದಕ್ಕೆ ಮಗಳನ್ನು ಕರೆಯಬೇಕಾಯಿತು.

ಮತ್ತೆ ಗುಂಡಿ ತಿರುಗಿಸಿದೆ. ಗಾಲಿಯ ಕೆಳಗೆ ನೀಲಿ ಕಿಡಿ, ಬಿಸಿಯೆಣ್ಣೆಗೆ ಧೂಳು ಸುಟ್ಟ ವಾಸನೆ. ಎರಡಿಂಚು ಹೋಯಿತು. ನಿಂತು ಯೋಚಿಸಿತು. ಮತ್ತೆ ಎರಡಿಂಚು. ಮಂಡಿನೋವಿನವರು ಮೆಟ್ಟಿಲು ಇಳಿಯುವ ಹಾಗೆ ಇಡೀ ಸುತ್ತು ಹೋಗಿ ಬಂತು. ಅಷ್ಟು ಸಾಕಾಯಿತು, ಹೊಸ ಮಾರ್ಗ ಕಟ್ಟುವುದೆಂದು ತೀರ್ಮಾನಿಸಿದೆ. ಈ ಸಲ ಅಂದಾಜಿನ ಮಾತಿಲ್ಲ, ಎಲ್ಲವೂ ಅಳತೆಗೆ ಸರಿಯಾಗಿ.

ನಿಜವಾದ ರೈಲ್ವೆಯ ಹಾಗೆ ನನಗೂ ಮೊದಲು ಎದುರಾದದ್ದು ಭೂಸ್ವಾಧೀನ. ಹಿಂದಿನ ರೂಮು ಕಾಗದದಲ್ಲಿ ಖಾಲಿ, ವಾಸ್ತವದಲ್ಲಿ ಅಲ್ಲಿ ಒಣಗಲು ಹರಡಿದ ಸಂಡಿಗೆ, ಇಸ್ತ್ರಿಗೆ ಕಾದ ಬಟ್ಟೆಯ ರಾಶಿ, ಮಗಳ ಎಂಜಿನಿಯರಿಂಗ್ ಪುಸ್ತಕಗಳು ಅನುಭೋಗದಾರರಾಗಿ ನೆಲೆಸಿದ್ದವು. “ಅಷ್ಟು ಆಸೆ ಇದ್ರೆ ಕೆಆರ್‌ಎಸ್ ರಸ್ತೆಯ ರೈಲ್ ಮ್ಯೂಸಿಯಮ್ಮಿಗೆ ದಿನಾ ಹೋಗಿ ಬನ್ನಿ, ನಡೆದ ಹಾಗೂ ಆಗುತ್ತೆ” ಎಂದಳು ನಮ್ಮವಳು. ಕೊನೆಗೆ ಒಪ್ಪಂದ ಆಯಿತು: ಹಲಗೆ ಗೋಡೆಗೆ ಕೀಲು ಹಾಕಿ ಮಡಿಸುವಂತಿರಬೇಕು, ಸಂಡಿಗೆ ಕಾಲದಲ್ಲಿ ಬಿಟ್ಟುಕೊಡಬೇಕು, ನವರಾತ್ರಿಯ ಹತ್ತು ದಿನ ರೂಮು ಪೂರ್ತಿ ಬೊಂಬೆಗಳದ್ದು. ಬಡಗಿ ಆಚಾರ್ರು ಬಂದು ಅಳತೆ ತೆಗೆದುಕೊಂಡರು. “ಟಿವಿಗಾ ಸಾರ್?” ಎಂದರು. ರೈಲಿಗೆ ಎಂದೆ. “ಮೊಮ್ಮಗನಿಗೆ” ಎಂದು ತಾವೇ ಅರ್ಥಮಾಡಿಕೊಂಡರು. ನಾನೂ ತಿದ್ದಲಿಲ್ಲ.

ಘಟ್ಟವನ್ನು ಕೈಬಿಟ್ಟು ಘಟ್ಟದ ಒಂದೇ ಒಂದು ಸ್ಟೇಷನ್ನು ಇಟ್ಟುಕೊಂಡೆ, ಎಡಕುಮೇರಿ. ಒಂದು ಸೇತುವೆ, ಒಂದು ಸುರಂಗ. ಉಳಿದ 56 ಸುರಂಗ ಇವೆ ಎಂದುಕೊಳ್ಳುವುದು. ನಮ್ಮ ಕಡೆಯ ರೈಲಿನ ಮಾದರಿ ಎಲ್ಲೆಂದರಲ್ಲಿ ಸಿಗುವುದಿಲ್ಲ. ಆದರೆ ನಮ್ಮ ಹಳೆಯ ಡಬ್ಲ್ಯುಡಿಎಂ-2 ಡೀಸೆಲ್ಲು ಹುಟ್ಟಿದ್ದೇ ಅಮೆರಿಕದ ಆಲ್ಕೋ ಕಂಪನಿಯ ನಕ್ಷೆಯಿಂದ. ಹಾಗಾಗಿ ಅಲ್ಲಿನ ಆಲ್ಕೋ ಒಂದನ್ನು ತರಿಸಿ, ದಾಯಾದಿಯನ್ನು ದತ್ತು ತೆಗೆದುಕೊಂಡಂತೆ ಬಣ್ಣ ಬಳಿದು ಊರಿನವನನ್ನಾಗಿ ಮಾಡಿದೆ. ಬೋಗಿಗಳನ್ನು ರಟ್ಟಿನಲ್ಲಿ ನಾನೇ ಮಾಡಿದೆ, ಒಂದೊಂದೂ 24.5 ಸೆಂಟಿಮೀಟರು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಸುರಂಗದ ಬಾಯನ್ನೂ ಬೋಗಿಯ ಅಗಲಕ್ಕೆ ಅಚ್ಚುಕಟ್ಟಾಗಿ ಕೊರೆದು, ಮೇಲೆ ಹಳೆ ಪೇಪರು, ಮೈದಾ ಅಂಟಿನ ಬೆಟ್ಟ ಕೂರಿಸಿದೆ. ಉದ್ಘಾಟನೆಯ ರೈಲು ಶಿಳ್ಳೆ ಹಾಕಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

ಸುರಂಗ ಇದ್ದದ್ದು ತಿರುವಿನಲ್ಲಿ. ತಿರುವಿನಲ್ಲಿ ಹಳಿ ಬಾಗುತ್ತದೆ, ಬೋಗಿ ಬಾಗುವುದಿಲ್ಲ. ಹಳಿ ಕಂಸ, ಬೋಗಿ ಜ್ಯಾ. 43.8 ಸೆಂಟಿಮೀಟರಿನ ತ್ರಿಜ್ಯದಲ್ಲಿ ಬೋಗಿಯ ಹೊಟ್ಟೆ ಎಂಟು ಮಿಲಿಮೀಟರು ಒಳಕ್ಕೆ ತಳ್ಳುತ್ತದೆ, ಮೂಲೆಗಳು ಹೊರಕ್ಕೆ ಚಾಚುತ್ತವೆ. ಕಂಸಕ್ಕೂ ಜ್ಯಾಕ್ಕೂ ಇರುವ ವ್ಯತ್ಯಾಸವನ್ನು ಮೂವತ್ತಾರು ವರ್ಷ, ವರ್ಷಕ್ಕೆ ಮೂರು ಸೆಕ್ಷನ್ನಿಗೆ, ಕೆಲವರಿಗೆ ಕಿವಿ ಹಿಂಡಿಯೂ ಹೇಳಿಕೊಟ್ಟವನು ನಾನು. ನನ್ನ ಕೈ ಸುರಂಗದೊಳಗೆ ಹೋಗಲಿಲ್ಲ. ಇಡೀ ಮನೆಯಲ್ಲಿ ಹೋಗುವಂಥ ಕೈ ನಾಲ್ಕು ವರ್ಷದ ಮೊಮ್ಮಗನದು ಮಾತ್ರ. ಅವನು ಬೋಗಿಗೆ ಒಂದರಂತೆ ಚಾಕ್ಲೇಟು ಮಾತಾಡಿಕೊಂಡು ಮೂರನ್ನು ಹೊರತೆಗೆದ. ಎಂಜಿನ್ನಿಗೆ ಎರಡು ಕೇಳಿದ. ಅಂದಿನಿಂದ ನಮ್ಮ ಬ್ರೇಕ್‌ಡೌನ್ ಗ್ಯಾಂಗು ಅವನೇ. ಕೆಲಸ ಸಿಗಲೆಂದು ಅವನೇ ಸುರಂಗದೊಳಗೆ ಬಟ್ಟೆ ಕ್ಲಿಪ್ಪು ಇಡುತ್ತಾನೆಂಬ ಅನುಮಾನ ನನಗಿದೆ, ರುಜುವಾತಿಲ್ಲ.

ಬೆಟ್ಟಕ್ಕೆ ಮಣ್ಣು ಬೇಕಿತ್ತು. ಸಕಲೇಶಪುರದ ತೋಟಕ್ಕೆ ಕಾಫಿಗಿಂತ ಯೋಗ್ಯವಾದದ್ದು ಯಾವುದು? ಫಿಲ್ಟರಿನ ಚರಟ ಒಂದು ತಿಂಗಳು ಕೂಡಿಟ್ಟು ಒಣಗಿಸಿದೆ. ಫೆವಿಕಾಲ್‌ಗೆ ಅರ್ಧ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಮೇಲಿಂದ ಹನಿಸಿದರೆ ಅಂಟು ಸಂದಿಸಂದಿಗೆ ಇಳಿದು ಹಿಡಿದುಕೊಳ್ಳುತ್ತದೆ. ಹಳಿಯ ಜಲ್ಲಿಗೆ ರಾಗಿ ಹಾಕಿದೆ. ರಾಗಿಗೆ ಇರುವೆ ಬಂತು. ಆಷಾಢದ ಮಳೆ ಹಿಡಿದು ನಾಲ್ಕು ದಿನ ರೂಮು ತೆರೆಯಲಿಲ್ಲ. ಐದನೆಯ ದಿನ ಭಾವ ಬಂದರು, ಡಬ್ಬ ಕೊಟ್ಟ ಅದೇ ಭಾವ, ಈಗ ಎಪ್ಪತ್ತೆಂಟು. ಅವರಿಗೆ ತೋರಿಸಲೆಂದು ಕರೆದುಕೊಂಡು ಹೋದೆ. ಬೆಟ್ಟದ ಮೈತುಂಬ ಬೆಳ್ಳಗೆ, ನವಿರಾಗಿ ಹರಡಿತ್ತು. ಅವರು ಕನ್ನಡಕ ಸರಿಮಾಡಿಕೊಂಡು, “ಭೇಷ್ ಮೇಷ್ಟ್ರೇ! ಕಾಫಿ ಹೂ ಬಿಟ್ಟಿರೋದನ್ನೂ ಬಿಟ್ಟಿಲ್ಲವಲ್ಲ!” ಎಂದರು. ಅದು ಬೂಷ್ಟು. ನಾನು ನಮಸ್ಕಾರ ಮಾಡಿ ಹೊಗಳಿಕೆ ಸ್ವೀಕರಿಸಿದೆ.

ಇಷ್ಟು ವರ್ಷದಲ್ಲಿ ಬದಲಾದದ್ದು ವಿದ್ಯುತ್ತಿನ ವಿಷಯ. ಆಗ ಹಳಿಗೆ ಕರೆಂಟು ಕೊಟ್ಟರೆ ಮೇಲಿರುವ ಎಂಜಿನ್ನುಗಳೆಲ್ಲ ಒಟ್ಟಿಗೆ ಹೊರಡುತ್ತಿದ್ದವು, ಲಾಂಗ್ ಬೆಲ್ ಹೊಡೆದ ಹಾಗೆ. ಈಗಿನದು ಡಿಸಿಸಿ. ಹಳಿಯಲ್ಲಿ ಸದಾ ಕರೆಂಟು, ಪ್ರತಿ ಎಂಜಿನ್ನಿನೊಳಗೆ ಒಂದು ಚಿಪ್ಪು, ಅದಕ್ಕೊಂದು ನಂಬರು. ನಂಬರು ಕೂಗಿದರೆ ಅದೊಂದೇ ಓಡಬೇಕು. ಹಾಜರಿ ಪದ್ಧತಿ! ನನಗೆ ಬಹಳ ಹಿಡಿಸಿತು. ಎರಡು ಎಂಜಿನ್ನು ಹಳಿಗಿಟ್ಟು 3 ಎಂದು ಒತ್ತಿದೆ. ಎರಡೂ ಎದುರುಬದುರಾಗಿ ಹೊರಟವು. ಹೊಸ ಚಿಪ್ಪುಗಳಿಗೆಲ್ಲ ಹುಟ್ಟುವಾಗಿನ ನಂಬರು ಮೂರೇ ಅಂತೆ, ನಾವೇ ಬದಲಿಸಿಕೊಳ್ಳಬೇಕು. ಸೇತುವೆಯ ಮೇಲೆ ಡಿಕ್ಕಿ. ಎದ್ದು “ಪ್ರೆಸೆಂಟ್ ಸಾರ್” ಎನ್ನುವುದೊಂದು ಬಾಕಿ.

ಅಳಿಯ ಫೋನಿನಲ್ಲಿ ಹ್ಯಾಂಬರ್ಗ್‌ನ ಮಿನಿಯಾಟುರ್ ವುಂಡರ್‌ಲಾಂಡ್ ತೋರಿಸಿದ. ಅವಳಿ ಸೋದರರು ಸೇರಿ 2001ರಲ್ಲಿ ತೆರೆದದ್ದು, ಹಳೆಯ ಉಗ್ರಾಣವೊಂದರಲ್ಲಿ ಮಹಡಿ ಮೇಲೆ ಮಹಡಿ ರೈಲು, ಆಲ್ಪ್ಸ್ ಪರ್ವತ, ವಿಮಾನ ನಿಲ್ದಾಣ. ನಾನು ನಿಟ್ಟುಸಿರು ಬಿಟ್ಟೆ. ನಮ್ಮವಳು ಇಣುಕಿ ನೋಡಿ, “ಅವರು ಟಿಕೆಟ್ ಇಟ್ಟಿದಾರೆ. ನೀವು ಬಂದವರಿಗೆಲ್ಲ ಕಾಫಿ ಮಾಡಿಸ್ತೀರಿ” ಎಂದಳು.

ಮೊನ್ನೆ ನವರಾತ್ರಿ ಬಂತು. ಒಪ್ಪಂದದಂತೆ ಹಲಗೆ ಮಡಿಸಲು ಹೋದೆ. ಬೆಟ್ಟ ಇದೆ ಎನ್ನುವುದನ್ನು ಒಪ್ಪಂದದ ಹೊತ್ತಿಗೆ ಇಬ್ಬರೂ ಮರೆತಿದ್ದೆವು. ಬೆಟ್ಟ ಇರುವ ಹಲಗೆ ಮಡಿಸಲು ಬರುವುದಿಲ್ಲ. ನಮ್ಮವಳು ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ನೋಡಿದಳು. ಆಮೇಲೆ ಮೆಟ್ಟಿಲನ್ನು ಹಲಗೆಗೆ ತಾಗಿಸಿ ಇಟ್ಟು, ಪಟ್ಟದ ಬೊಂಬೆಗಳನ್ನು ಮೇಲೆ ಕೂರಿಸಿ, ಕೆಳಗೆ ಜಾಗ ಸಾಲದೆ ಶೆಟ್ಟಿ-ಶೆಟ್ಟಮ್ಮನನ್ನು ಅಂಗಡಿ ಸಮೇತ ಎಡಕುಮೇರಿ ಪ್ಲಾಟ್‌ಫಾರ್ಮಿನ ಪಕ್ಕ ಇಟ್ಟಳು. ಬೊಂಬೆ ಹದಿನೈದು ಸೆಂಟಿಮೀಟರು. 87ರಿಂದ ಗುಣಿಸಿದರೆ ಶೆಟ್ಟರ ಎತ್ತರ ಹದಿಮೂರು ಮೀಟರು, ಅದೂ ಚಕ್ಕಳಮಕ್ಕಳ ಹಾಕಿ ಕೂತಾಗ. ಅವರ ಹೊಟ್ಟೆಗೆ ನಾಲ್ಕಂಗುಲ ದೂರದಲ್ಲಿ ಮೈಸೂರು-ಮಂಗಳೂರು ರೈಲು. ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗ ಕೂಗಿದ: “ತಾತಾ, ನಿಲ್ಸು! ಶೆಟ್ಟರು ಬೇಳೆ ತುಂಬಬೇಕು!”

ಭಾವನ ಹಳೆಯ ಎಂಜಿನ್ನಿಗೆ ಎರಡು ವ್ಯಾಗನ್ನು ತಗುಲಿಸಿ ತಂದೆ. ಅವನು ಅಡುಗೆಮನೆಯಿಂದ ಒಂದು ಹಿಡಿ ತೊಗರಿಬೇಳೆ ತಂದು ಸುರಿದ. ಆ ಅಳತೆಗೆ ಒಂದೊಂದು ಬೇಳೆಯೂ ಒಂದೂಕಾಲು ಅಡಿ. ನಾನು ಹಸಿರು ಬಾವುಟ ಬೀಸಿದೆ. ಅರಿಶಿನ ಕುಂಕುಮಕ್ಕೆ ಬಂದಿದ್ದ ನಾಲ್ಕು ಮಂದಿ ಬಗ್ಗಿ ನಿಂತರು. ರೈಲು ಸೇತುವೆ ದಾಟಿತು, ಸುರಂಗ ಹೊಕ್ಕಿತು, ಮೂರನೆಯ ಸುತ್ತಿಗೆ ತಿರುವಿನಲ್ಲಿ ಹಳಿ ತಪ್ಪಿ ಮಗುಚಿಕೊಂಡಿತು. ಬೇಳೆ ರೂಮಿನ ತುಂಬ ಚೆಲ್ಲಿತು.

“ತುಳಿಯದೆ ಆರಿಸಿ ಡಬ್ಬಕ್ಕೆ ಹಾಕಿ” ಎಂದಳು ನಮ್ಮವಳು, ಬಂದವರಿಗೆ ಚರ್ಪು ಹಂಚುತ್ತ. “ನಾಳೆ ಹುಳಿಗೆ ಇರೋದು ಅಷ್ಟೇ.”