ಇರೋ ಮನೆ ಇದೆ ಅಂತ ಬರೆದುಕೊಡಿ

ಹೊಳಲಿನಲ್ಲಿ ಯಾರದಾದರೂ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಎಂ ಸ್ಯಾಂಡ್ ಬಿತ್ತೆಂದರೆ ಊರಿಗೆ ಊರೇ ಎಂಜಿನಿಯರ್ ಆಗಿಬಿಡುತ್ತದೆ. ಡೈರಿಗೆ ಹಾಲು ಹಾಕಲು ಹೊರಟವರು ಕ್ಯಾನನ್ನು ಆ ಗುಡ್ಡೆಯ ಮೇಲೇ ಇಟ್ಟು ವಿಚಾರಣೆಗೆ ನಿಲ್ಲುತ್ತಾರೆ.

"ಏನ್ಲಾ, ಮನೆ ಕೀಳುಸ್ತಾ ಇದ್ದೀಯಂತೆ?"

"ಇಲ್ಲ ಕಣಣ್ಣ, ವಸಿ ರಿಪೇರಿ."

ಈ ವಸಿ ರಿಪೇರಿಯಲ್ಲಿ ಏನೇನು ಬರುತ್ತದೆ ಅಂತ ಮಾತ್ರ ಕೇಳಬೇಡಿ. ಒಡೆದ ಹೆಂಚು ಬದಲಾಯಿಸುವುದೂ ಅದರಲ್ಲಿ ಬರುತ್ತದೆ. ಅಜ್ಜನ ಕಾಲದ ತೊಟ್ಟಿಮನೆಯನ್ನು ಜೆಸಿಬಿಯಿಂದ ಕೆಡವಿ, ಪಿಲ್ಲರ್ ಎಬ್ಬಿಸಿ, ಮೇಲೊಂದು ಬಾಡಿಗೆ ಪೋರ್ಷನ್, ಅದರ ತಲೆ ಮೇಲೊಂದು ಸಿಂಟೆಕ್ಸ್ ಕೂರಿಸುವುದೂ ಬರುತ್ತದೆ.

ಕಾನೂನು ಇದನ್ನೆಲ್ಲ ಮೊದಲೇ ಊಹಿಸಿದೆ. ಹೊಸದಾಗಿ ಕಟ್ಟುವುದಷ್ಟೇ ಅಲ್ಲ, ಇರುವುದನ್ನು ಬದಲಾಯಿಸಲೂ ಅದಕ್ಕೆ ಸೇರಿಸಲೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು ಎನ್ನುತ್ತದೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ. ನಮ್ಮವರೇನೂ ಕಾನೂನು ವಿರೋಧಿಗಳಲ್ಲ ಸ್ವಾಮಿ. ಕಂಡಕಂಡವರ ಅನುಮತಿ ಕೇಳಿ ಕೇಳಿ ಸುಸ್ತಾಗಿರುತ್ತಾರೆ, ಅಷ್ಟೆ. ಪಂಚಾಯ್ತಿಯ ಸರದಿ ಬರುವ ಹೊತ್ತಿಗೆ ಕೇಳುವ ಉತ್ಸಾಹವೇ ಉಳಿದಿರುವುದಿಲ್ಲ.

ಮೊದಲನೆಯ ಅನುಮತಿ ಆಯದ್ದು. ಉದ್ದಕ್ಕೆ ಅಗಲ ಗುಣಿಸಿ 8ರಿಂದ ಭಾಗಿಸಿ. ಏನು ಉಳಿಯುತ್ತದೋ ಅದೇ ಮನೆಯ ಹಣೆಬರಹ. 1 ಉಳಿದರೆ ಧ್ವಜ, 3ಕ್ಕೆ ಸಿಂಹ, 5ಕ್ಕೆ ವೃಷಭ, 7ಕ್ಕೆ ಗಜ. ಈ ನಾಲ್ಕೂ ಲೇಸು. ಸಮಸಂಖ್ಯೆ ಬಂತೋ, ಹೊಗೆ, ನಾಯಿ, ಕತ್ತೆ, ಕಾಗೆಗಳ ಕೈಗೆ ಮನೆ ಹೋಯಿತು. 30ಕ್ಕೆ 40ರ ಸೈಟನ್ನು ಪೂರ್ತಿ ಕಟ್ಟಿದರೆ 1200. ಭಾಗಿಸಿದರೆ ಏನೂ ಉಳಿಯದು, ಅಲ್ಲಿಗೆ ಅದು ಕಾಗೆಯ ಪಾಲು. ಆಗ ಮೇಸ್ತ್ರಿ ಟೇಪು ಎಳೆದು 29ಕ್ಕೆ 37 ಮಾಡುತ್ತಾನೆ: 1073, ಶೇಷ 1, ಧ್ವಜಾಯ! ಸುತ್ತ ಒಂದಿಷ್ಟು ಜಾಗ ಬಿಡಪ್ಪಾ ಅಂತ ಸರ್ಕಾರ ಕೈಮುಗಿದರೂ ಅಂಗುಲ ಬಿಡದವನು, ಕಾಗೆಗೆ ಹೆದರಿ ಮುಂದೆ ಮೂರಡಿ, ಪಕ್ಕಕ್ಕೆ ಒಂದಡಿ ಬಿಟ್ಟುಕೊಡುತ್ತಾನೆ. ಬೈಲಾ ಬರೆಯುವವರು ಕಾಗೆಯನ್ನೂ ಕತ್ತೆಯನ್ನೂ ಸಮಿತಿಗೆ ಸೇರಿಸಿಕೊಂಡಿದ್ದರೆ ನಮ್ಮ ಓಣಿಗಳಲ್ಲಿ ಕಬ್ಬಿನ ಗಾಡಿ ಸಲೀಸಾಗಿ ತಿರುಗುತ್ತಿತ್ತು. ಹಾಗಂತ ಬಿಟ್ಟದ್ದು ಬಿಟ್ಟೇಹೋಯಿತು ಅಂದುಕೊಳ್ಳಬೇಡಿ. ಆ ಒಂದಡಿಯನ್ನು ಮೇಲಿನ ಸಜ್ಜಾದಲ್ಲಿ ವಸೂಲು ಮಾಡಿರುತ್ತಾನೆ. ಆಯ ಏನಿದ್ದರೂ ನೆಲಕ್ಕೆ, ಆಕಾಶಕ್ಕಲ್ಲ.

ಎರಡನೆಯದು ಪಕ್ಕದ ಮನೆಯ ಅನುಮತಿ. ಹೆಂಚಿನ ಕಾಲದಲ್ಲಿ ಜಗಳವೆಲ್ಲ ಸೂರಿನ ನೀರಿನದು: ನಿನ್ನ ಸೂರಿನ ನೀರು ನನ್ನ ಗೋಡೆಗೆ ಬೀಳುತ್ತದೆ ಅಂತ. ಆರ್‌ಸಿಸಿ ಬಂದಮೇಲೆ ಸೂರು ಹೋಯಿತು, ಪೈಪು ಬಂತು. ನೀರು ಅದೇ ಗೋಡೆಗೇ ಬೀಳುತ್ತದೆ, ಸ್ವಲ್ಪ ಜೋರಾಗಿ.

ಇಷ್ಟೆಲ್ಲ ದಾಟಿ ನೀವು ಪಂಚಾಯ್ತಿ ಮೆಟ್ಟಿಲು ಹತ್ತಿದಿರಿ ಅನ್ನಿ. ಯಾವ ಊರಿನ ಪಂಚಾಯ್ತಿಯಾದರೂ ಆಗಲಿ, ನೀವು ಹೋದದ್ದು ಮೇಲೆ ಎರಡು ರೂಮು ಹಾಕಲು; ಅಲ್ಲಿ ಕೇಳುವುದು ಕೆಳಗೆ ಮನೆ ಇದೆಯೇ ಅಂತ.

"ಇದೆಯೇ ಅಂದ್ರೆ? ನಾನು ಉಟ್ಟಿದ್ದೇ ಅದರಲ್ಲಿ ಸಾ!"

"ನೀವು ಹುಟ್ಟಿದ್ದಕ್ಕೆ ಜನನ ಪತ್ರ ಇರುತ್ತಪ್ಪಾ. ಮನೆಗೆ ಫಾರಂ 9 ಎಲ್ಲಿ?"

2013ರ ಸುಮಾರಿಗೆ ಇ-ಸ್ವತ್ತು ಬಂದಮೇಲೆ ಹುಟ್ಟಿಕೊಂಡ ಸಂಭಾಷಣೆ ಇದು. ಗ್ರಾಮಠಾಣದ ಒಳಗಿನ ಸ್ವತ್ತಿಗೂ, ಸರಿಯಾಗಿ ಅಲಿನೇಷನ್, ಅಂದರೆ ಭೂ ಪರಿವರ್ತನೆ, ಆಗಿ ನಕ್ಷೆ ಒಪ್ಪಿಗೆ ಪಡೆದ ಜಾಗಕ್ಕೂ 9 ಮತ್ತು 11ಎ; ಈ ಸಾಲಿಗೆ ಬಾರದವಕ್ಕೆ 11ಬಿ. ಗ್ರಾಮಠಾಣದ ಗೆರೆ ಎಳೆದವರಿಗೆ ಊರು ಇಷ್ಟು ಮಕ್ಕಳನ್ನು ಹೆರುತ್ತದೆ ಅಂತ ಗೊತ್ತಿರಲಿಲ್ಲ. ಊರು ಗೆರೆ ದಾಟಿ ಗದ್ದೆ ಬಯಲಿಗೆ ಇಳಿದು ಎಷ್ಟು ಕಾಲವಾಯಿತೋ. ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಂತೆ ಪರಿವರ್ತನೆ ಆಗದ ಮನೆ ಕಾಗದದ ಮೇಲೆ ಇನ್ನೂ ಗದ್ದೆಯೇ. ಟೈಲ್ಸ್ ಹಾಕಿದ ಹಾಲಿನಲ್ಲಿ ಸೋಫಾ ಮೇಲೆ ಕೂತು ಟೀವಿ ನೋಡುತ್ತಿದ್ದರೂ ದಾಖಲೆಯ ಪ್ರಕಾರ ನೀವು ಕೂತಿರುವುದು ಗದ್ದೆಯಲ್ಲಿ.

ಗ್ರಾಮಠಾಣದ ಒಳಗಿನವರಾದರೂ ಸುಖವಾಗಿದ್ದಾರೆಯೇ? ಟ್ರಂಕಿನ ತಳದಿಂದ ಹಳೇ ಪತ್ರ ತೆಗೆಯಿರಿ. ಚಕ್ಕುಬಂದಿ ಏನೆನ್ನುತ್ತದೆ? ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಹುಣಸೇಮರ, ಉತ್ತರಕ್ಕೆ ದಾಯಾದಿಗಳ ಕೊಟ್ಟಿಗೆ, ದಕ್ಷಿಣಕ್ಕೆ ತಿಪ್ಪೆ. ಹುಣಸೇಮರ ಸೌದೆಯಾಗಿ ಉರಿದುಹೋಯಿತು, ಕೊಟ್ಟಿಗೆ ಚಿಲ್ಲರೆ ಅಂಗಡಿಯಾಯಿತು, ತಿಪ್ಪೆ ಊರಾಚೆಗೆ ಹೋಯಿತು. ಉಳಿದ ಓಣಿಯ ಮೇಲೆ ಒಬ್ಬರ ಜಗುಲಿ ಬಂದು ಕೂತಿದೆ.

ಇನ್ನು ಖಾತೆ. ಅದು ಅಜ್ಜನ ಹೆಸರಲ್ಲೇ ಇರುತ್ತದೆ. ಅಜ್ಜ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಕಂದಾಯದ ರಸೀದಿಯಲ್ಲಿ ಚಿರಂಜೀವಿ. ಪೌತಿ ಖಾತೆಗೆ ವಂಶವೃಕ್ಷ ಬೇಕು, ವಂಶವೃಕ್ಷದ ಕೊಂಬೆಕೊಂಬೆಯ ಒಪ್ಪಿಗೆ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ ಎಂಬುದು ಅಣ್ಣಂದಿರಿಗೆ ನೆನಪಾಗುವುದು ಇಂಥ ಹೊತ್ತಿನಲ್ಲಿ. ಮದ್ದೂರಿಗೆ ಕೊಟ್ಟ ತಂಗಿಗೆ ವರ್ಷವರ್ಷವೂ ಗೌರಿಹಬ್ಬಕ್ಕೆ ಗಂಜಿಯ ಸೀರೆ ಹಿಡಿದು ಹೋಗುತ್ತಿದ್ದವನು ಈ ಸಲ ರೇಷ್ಮೆ ಸೀರೆ, ಡಜನ್ ಬಳೆ, ಮೊರದ ತುಂಬ ಬಾಗಿನ ಹೊತ್ತು ನಿಲ್ಲುತ್ತಾನೆ. ತಂಗಿ ಸೀರೆಯ ಅಂಚು ಸವರಿ ನೋಡಿ, "ಎಲ್ಲಿ ರುಜು ಆಕ್ಬೇಕಣ್ಣಯ್ಯ?" ಅನ್ನುತ್ತಾಳೆ. ಅಣ್ಣ ಪೆನ್ನು ಚಾಚುತ್ತಾನೆ. "ಇರು, ನಮ್ಮ ಯಜಮಾನ್ರನ್ನ ಒಂದ್ಮಾತು ಕೇಳ್ತೀನಿ." ಇಲ್ಲಿಗೆ ಅನುಮತಿ ಕೊಡುವವರ ಪಟ್ಟಿಗೆ ಇನ್ನೊಂದು ಹೆಸರು ಸೇರಿತು.

ಈ ಗೋಜಲು ಬಿಡಿಸಲಿ ಅಂತಲೇ ಡ್ರೋನ್ ಬಂದದ್ದು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಡ್ರೋನ್ ಹಾರುವ ಮುಂಚೆ ಮನೆಮನೆಯ ಹದ್ದಿಗೆ ಸುಣ್ಣದ ಗೆರೆ ಎಳೆಯಬೇಕು. ಗೆರೆ ಎಳೆಯುವವನು ಇತ್ತ ತಿರುಗಿದರೆ ಸಾಕು, ಅತ್ತ ಒಂದು ಕಾಲು ಗೆರೆಯನ್ನು ಅಳಿಸಿರುತ್ತದೆ. ಮೇಲಿಂದ ನೋಡುವ ಯಂತ್ರಕ್ಕೆ ಛಾವಣಿ ಒಂದೇ ಅಂತ ಕಾಣುತ್ತದೆ. ಛಾವಣಿಯ ಕೆಳಗೆ ಒಲೆ ಎಷ್ಟು ಅಂತ ಕಾಣುವುದಿಲ್ಲ.

ನಿಯಮವನ್ನು ಅಕ್ಷರಶಃ ಪಾಲಿಸುವವರು ಊರಲ್ಲಿ ಇಲ್ಲವೇ ಅಂದಿರಾ? ಇದ್ದಾರೆ, ಸರ್ಕಾರದ ವಸತಿ ಯೋಜನೆಯಲ್ಲಿ ಮನೆ ಸಿಕ್ಕಿದ ಬಡವರು. ತಳಪಾಯಕ್ಕೊಂದು ಜಿಪಿಎಸ್ ಫೋಟೋ, ಗೋಡೆಗೊಂದು, ಛಾವಣಿಗೊಂದು. ಫೋಟೋ ಹೋದರಷ್ಟೇ ಮುಂದಿನ ಕಂತು. ಒಂದು ರೂಮಿನ ಮನೆಯವನು ತಲೆ ಬಾಚಿಕೊಂಡು ಗೋಡೆಯ ಮುಂದೆ ನೆಟ್ಟಗೆ ನಿಂತು ಲೆಕ್ಕ ಒಪ್ಪಿಸುತ್ತಿರುವಾಗ, ಎದುರಿನ ವಸಿ ರಿಪೇರಿ ಮೂರನೇ ಅಂತಸ್ತಿಗೆ ಸೆಂಟ್ರಿಂಗ್ ಕಟ್ಟುತ್ತಿರುತ್ತದೆ.

ವಸಿ ರಿಪೇರಿಯವನಿಗೂ ಒಂದು ದಿನ ಜ್ಞಾನೋದಯವಾಗುತ್ತದೆ. ಕಬ್ಬಿನ ಬಿಲ್ಲು ಬರುವುದು ತಡವಾಗಿ, ಮೋಲ್ಡಿಂಗ್‌ಗೆ ದುಡ್ಡು ಸಾಲದೆ ಬ್ಯಾಂಕಿಗೆ ಹೋಗುತ್ತಾನಲ್ಲ, ಆಗ. ಮ್ಯಾನೇಜರು ಆಯ ಕೇಳುವುದಿಲ್ಲ, ಗುದ್ದಲಿ ಪೂಜೆಗೆ ಎಷ್ಟು ಜನ ಬಂದಿದ್ದರು ಅಂತಲೂ ಕೇಳುವುದಿಲ್ಲ. ಖಾತೆ, ನಕ್ಷೆ, ಪರವಾನಗಿ ಕೇಳುತ್ತಾನೆ. ನಮಗೆ ಮನೆ ಕಟ್ಟುವುದು ಯಾವತ್ತೂ ಕಷ್ಟವಾಗಿರಲಿಲ್ಲ. ತಲೆತಲಾಂತರ ಬರೀ ಬಾಯಿಮಾತಿನ ಮೇಲೆ ನಿಂತಿದ್ದ ಮನೆಯನ್ನು ಕಾಗದಕ್ಕೆ ಇಳಿಸುವುದೇ ಕಷ್ಟ. ಅಜ್ಜ ಬದುಕಿದ್ದಾಗ ಒಂದು ಹಾಳೆಯಲ್ಲಿ ಮುಗಿಯುತ್ತಿದ್ದುದಕ್ಕೆ ಮೊಮ್ಮಗ ಈಗ ಇಡೀ ವಂಶವನ್ನೇ ಕೂಡಿಸಬೇಕು. ಕಚೇರಿಯನ್ನು ಬೈದು ಏನು ಬಂತು, ಅದು ಕೇಳುವುದು ನಾವು ನಾವೇ ಬರೆದಿಡಬೇಕಾಗಿದ್ದ ಲೆಕ್ಕವನ್ನು ತಾನೆ?

ಅದಕ್ಕೆ ಪಂಚಾಂಗದಲ್ಲೇ ದಾರಿ ಇದೆ ಅಂತ ನನ್ನ ವಾದ. ಆಷಾಢದಲ್ಲಿ ಯಾರೂ ಗುದ್ದಲಿ ಪೂಜೆ ಮಾಡುವುದಿಲ್ಲ. ಅರ್ಜಿ ಹಾಕಲು ಮಾತ್ರ ಯಾವ ಶಾಸ್ತ್ರದಲ್ಲೂ ಅಡ್ಡಿಯಿಲ್ಲ. ಶ್ರಾವಣದಲ್ಲಿ ವಂಶವೃಕ್ಷ ಬರೆಸಿ. ಭಾದ್ರಪದಕ್ಕೆ ಗೌರಿ ಹೇಗೂ ಬರುತ್ತಾಳೆ, ತಂಗಿಯ ರುಜು ಅವತ್ತೇ ಆಗಲಿ. ಸೀರೆಯಲ್ಲಿ ಮಾತ್ರ ಜಿಪುಣತನ ಬೇಡ. ಭಾವನಿಗೂ ಒಂದು ಪಂಚೆ ಶಲ್ಯ ಇರಲಿ.