ವೇಗದಂಡ ಮಿತಾಕ್ಷರ

ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದು ಸಾಲ, ಪಾಲು, ದತ್ತು, ದಾಯ ಎಲ್ಲವನ್ನೂ ಇತ್ಯರ್ಥ ಮಾಡಿಟ್ಟನು. ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಗೆಜ್ಜಲಗೆರೆ ದಾಟುವವನ ಗತಿಯೇನೆಂಬುದನ್ನು ಮಾತ್ರ ಹೇಳದೆ ಬಿಟ್ಟನು. ಎತ್ತಿನಗಾಡಿ ಕಾಲದ ಪಂಡಿತನಲ್ಲಿ ಇದು ಕ್ಷಮಾರ್ಹವೇ. ಆದರೂ ಲೋಪ ಲೋಪವೇ ಆದ್ದರಿಂದ ಅದನ್ನು ತುಂಬಲು ಈ ಪ್ರಬಂಧ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂಬ ಸ್ಮೃತಿಯ ಕ್ರಮವನ್ನೇ ಇಲ್ಲಿಯೂ ಹಿಡಿದಿದೆ.

ಆಚಾರಾಧ್ಯಾಯ ಚಿಕ್ಕದು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 120, ನಡುವೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100 ಎಂಬುದು 2018ರ ಕೇಂದ್ರ ಅಧಿಸೂಚನೆಯ ವಿಧಿ. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಊರೆಲ್ಲ ಎಕ್ಸ್‌ಪ್ರೆಸ್‌ವೇ ಎಂದೇ ಕರೆದರೂ ಅಲ್ಲಿ ಕಾರಿಗೆ ಇರುವುದು 100. ಶಿಷ್ಟಾಚಾರ ಮಾತ್ರ ಬೇರೆ. ಕ್ಯಾಮೆರಾ ಕಂಬ ಕಾಣುವ ತನಕ 125, ಕಂಬದಡಿ 95, ಕಂಬ ದಾಟಿತೋ ಮತ್ತೆ 125. ಬಸ್ಸಿನ ಕಿಟಕಿಯಲ್ಲಿ ಗುಡಿ ಕಂಡಾಗ ಕೆನ್ನೆ ಮುಟ್ಟಿಕೊಂಡು, ಗುಡಿ ಹಿಂದಾದೊಡನೆ ಕಡಲೆಕಾಯಿ ಬಿಡಿಸಲು ತೊಡಗುವ ಭಕ್ತಿಯ ಜಾತಿಗೆ ಇದು ಸೇರುತ್ತದೆ.

ಇನ್ನು ವ್ಯವಹಾರ. ಈ ಪಾತಕದ ಆದಿಪುರುಷರಲ್ಲಿ ಒಬ್ಬನು ಇಂಗ್ಲೆಂಡಿನ ವಾಲ್ಟರ್ ಅರ್ನಾಲ್ಡ್. 1896ರ ಜನವರಿಯಲ್ಲಿ ಪ್ಯಾಡಕ್ ವುಡ್ ಎಂಬಲ್ಲಿ ಗಂಟೆಗೆ 2 ಮೈಲಿ ಮಿತಿಯಿದ್ದ ಕಡೆ 8 ಮೈಲಿ ಓಡಿಸಿದನು. ಪೇದೆಯೊಬ್ಬ ಸೈಕಲ್ ತುಳಿದು ಬೆನ್ನಟ್ಟಿ ಹಿಡಿದನು. ವೇಗಕ್ಕೆ ಬಿದ್ದ ದಂಡ 1 ಶಿಲಿಂಗ್. ಮಿತಿಯ ನಾಲ್ಕು ಪಟ್ಟು ಎಂಬುದನ್ನು ವಿದ್ವಾಂಸರು ಗಮನಿಸಬೇಕು. ನಮ್ಮ ಹೆದ್ದಾರಿಯಲ್ಲಿ ಮದ್ದೂರಿನ ಬಳಿ ಆ ಸಾಧನೆ ಸರಿಗಟ್ಟಬೇಕಾದರೆ 400 ಓಡಿಸಬೇಕು. ನಮ್ಮವರು ಅವನ ಮುಂದೆ ಇನ್ನೂ ಅಂಬೆಗಾಲಿನವರು.

ನಮ್ಮಲ್ಲಿ ಪ್ರಮಾಣಗ್ರಂಥ 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಂ. 2019ರ ತಿದ್ದುಪಡಿಯ ಪ್ರಕಾರ ಕಾರಿಗೆ 1,000ದಿಂದ 2,000 ರೂಪಾಯಿ. ಕರ್ನಾಟಕ ದಯೆ ತೋರಿ 1,000ಕ್ಕೇ ನಿಂತಿತು. 110ಕ್ಕೂ ಅಷ್ಟೇ, 129ಕ್ಕೂ ಅಷ್ಟೇ. ಹಾಗಾದರೆ 110ರವನಿಗೆ ನಷ್ಟವಲ್ಲವೇ ಎಂಬುದು ಪೂರ್ವಪಕ್ಷ. ಹೌದು, ನಷ್ಟವೇ. ಆದರೆ 2024ರ ಆಗಸ್ಟ್‌ನಿಂದ 130ರ ಆಚೆ ಎಫ್‌ಐಆರ್ ಹಾಕುವ ಪದ್ಧತಿ ಬಂದು, ಅಗ್ಗದ ಸುಖಕ್ಕೆ ಗಡಿ ಬಿತ್ತು. ಅಲ್ಲಿಂದಾಚೆಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ: ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದುಡ್ಡಿನ ಲೆಕ್ಕದಲ್ಲಿ ಇಲ್ಲೂ ಅದೇ ಸಾವಿರ. ಹೆಚ್ಚುವರಿ ಖರ್ಚು ವಕೀಲರದ್ದು, ವಾಯಿದೆಯದ್ದು, ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವ ತನಕ ನಿಂತ ಕಾಲಿನದ್ದು. ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರನ್ನು 100ರ ಬದಲು 130ರಲ್ಲಿ ಕ್ರಮಿಸಿದರೆ ಉಳಿಯುವುದು ಸುಮಾರು 16 ನಿಮಿಷ. ಒಂದೇ ವಾಯಿದೆಗೆ ಅದು ಬಡ್ಡಿಸಮೇತ ತೀರಿಹೋಗುತ್ತದೆ.

183ರ ರಸವಿರುವುದು ಮೊದಲ ಉಪಕಲಮಿನಲ್ಲಲ್ಲ. ಬರೀ ಕಣ್ಣಂದಾಜಿನಲ್ಲಿ ‘ಜೋರಾಗಿ ಹೋದ’ ಎನ್ನುವ ಒಬ್ಬನೇ ಸಾಕ್ಷಿಯ ಮಾತಿಗೆ ಶಿಕ್ಷೆ ಕೂಡದು, ಯಂತ್ರದ ಆಧಾರ ಬೇಕು ಎನ್ನುತ್ತದೆ ಮೂರನೆಯದು. ಈ ಒಂದು ವಾಕ್ಯದಿಂದ ಹಿಂದಿನ ಸೀಟಿನ ಅಜ್ಜಿಯರ ಸಾಕ್ಷ್ಯವೆಲ್ಲ ವಜಾ ಆಯಿತು. ನಾಲ್ಕನೆಯದು ಇನ್ನೂ ಸೊಗಸು. ಮಿತಿ ಮೀರದೆ ತಲುಪಲಾಗದಂಥ ವೇಳಾಪಟ್ಟಿ ಪ್ರಕಟಿಸಿದವನೂ, ಅಂಥ ಅಪ್ಪಣೆ ಕೊಟ್ಟವನೂ ಮೇಲ್ನೋಟಕ್ಕೇ ತಪ್ಪಿತಸ್ಥ. ಓಡಿಸುವವನು ಅವನ ನೌಕರನಾಗಿರಬೇಕು ಅಥವಾ ಚಾಲನೆಯ ಮಟ್ಟಿಗೆ ಅವನ ಹಿಡಿತದಲ್ಲಿರಬೇಕು, ಅಷ್ಟೇ. ಶಾಸನಕರ್ತರ ಮನಸ್ಸಿನಲ್ಲಿದ್ದದ್ದು ಬಸ್ಸು ಲಾರಿಗಳ ಮಾಲೀಕರು. ಲಗ್ನಪತ್ರಿಕೆ ಅವರಿಗೆ ಹೊಳೆದಂತಿಲ್ಲ.

ಉದಾಹರಣೆ: ಮೈಸೂರಿನ ಛತ್ರದಲ್ಲಿ ಮುಹೂರ್ತ 9ರಿಂದ 9.30. ಬೆಂಗಳೂರಿನ ವಿಜಯನಗರದಿಂದ ಕಾರು ಹೊರಟದ್ದು 7.50ಕ್ಕೆ, ಏಕೆಂದರೆ ಸೋದರಮಾವ ಪಂಚೆಯ ಮೇಲೆ ಕಾಫಿ ಚೆಲ್ಲಿಕೊಂಡು ಇನ್ನೊಂದು ಉಟ್ಟರು. ಚನ್ನಪಟ್ಟಣದಿಂದ ಅವರದೇ ಅಪ್ಪಣೆ: ‘ಲೋ, ಒತ್ತೋ, ಧಾರೆ ಮುಗ್ದೋಗತ್ತೆ.’ ಚಲನ್ನಿನ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿ. ನಂಬರ್ ಪ್ಲೇಟು, ವೇಗ, ಸಮಯ; ಗಾಜಿನ ಹಿಂದೆ, ಡ್ಯಾಶ್‌ಬೋರ್ಡಿನ ಗಣಪತಿಗೆ ಒರಗಿಸಿಟ್ಟ ಪತ್ರಿಕೆ, ಅರಿಶಿನ ಹಚ್ಚಿದ ನಾಲ್ಕು ಮೂಲೆ. ಪ್ರಕಟಿತ ವೇಳಾಪಟ್ಟಿಗೆ ಇದಕ್ಕಿಂತ ಸಾಕ್ಷ್ಯ ಬೇಕೇ? ಪತ್ರಿಕೆ ಹೊರಡಿಸಿದ್ದು ಹೆಣ್ಣಿನ ಕಡೆಯವರಾದ್ದರಿಂದ ಒಂದನೇ ಆರೋಪಿ ಕನ್ಯಾಪಿತೃ, ಎರಡನೆಯವರು ಸೋದರಮಾವ. ಪುರೋಹಿತರನ್ನು ಸೇರಿಸಬೇಕೇ ಎಂಬಲ್ಲಿ ಪ್ರಬಂಧಕಾರನಿಗೆ ಧೈರ್ಯ ಸಾಲದು.

ಪ್ರಾಯಶ್ಚಿತ್ತದಲ್ಲಿ ದೇಶಭೇದವಿದೆ. ಫಿನ್ಲೆಂಡಿನಲ್ಲಿ ವಿಪರೀತ ವೇಗಕ್ಕೆ ಆದಾಯ ನೋಡಿ ದಂಡ. 2023ರಲ್ಲಿ 50ರ ಮಿತಿಯಲ್ಲಿ 82 ಓಡಿಸಿದ ಸಿರಿವಂತರೊಬ್ಬರು 1,21,000 ಯೂರೋ ತೆರಬೇಕಾಯಿತು. ಆ ಪದ್ಧತಿ ಇಲ್ಲಿಗೆ ಬಂದರೆ ದೊಡ್ಡ ಕಾರಿನವರ ವರಮಾನವೆಲ್ಲ ಕೃಷಿಯದೆಂದೂ ಈ ಸಲ ಮಳೆ ಕೈಕೊಟ್ಟಿತೆಂದೂ ತಿಳಿದುಬರುತ್ತದೆ. ನಮ್ಮದು ಪರ್ವಕಾಲದ ಪದ್ಧತಿ. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಸಾರಿದಾಗ ಜನ ಆಷಾಢದ ಸೀರೆ ಅಂಗಡಿಗೆ ನುಗ್ಗುವಂತೆ ನುಗ್ಗಿ ನೂರು ಕೋಟಿಗೂ ಮೀರಿ ಕಟ್ಟಿದರು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ ಆ ಯೋಗ ಕೂಡಿಬಂತು. ತಪ್ಪು ಮಾಡಿದ ದಿನವೇ ಪಶ್ಚಾತ್ತಾಪಪಟ್ಟು ಕಟ್ಟಿದವನು ಪೂರ್ತಿ ತೆತ್ತ; ಕಲ್ಲೆದೆಯವನು ಅರ್ಧದಲ್ಲಿ ಪಾರಾದ. ಪಾಪಪ್ರಜ್ಞೆಯ ಬೆಲೆ ಇಷ್ಟು ನಿಖರವಾಗಿ, ಶೇಕಡಾ 50 ಎಂದು, ಬೇರಾವ ಶಾಸ್ತ್ರದಲ್ಲೂ ನಿಗದಿಯಾಗಿಲ್ಲ.

ಉಳಿದದ್ದು ಒಂದೇ ತೊಡಕು. ಓಡಿಸುವವನು ಮಗ, ಗಾಡಿ ಅಪ್ಪನ ಹೆಸರಿನಲ್ಲಿ, ಸಂದೇಶ ಬರುವುದು ಅಪ್ಪನ ಮೊಬೈಲಿಗೆ. ಕಟ್ಟಬೇಕಾದವರು ಯಾರು? ಇಲ್ಲಿ ಯಾಜ್ಞವಲ್ಕ್ಯನೇ ನೆರವಿಗೆ ಬರುತ್ತಾನೆ. ತಂದೆ ಬಾಕಿ ಉಳಿಸಿದ ದಂಡವನ್ನು ಮಗ ಕಟ್ಟಬೇಕಿಲ್ಲ. ಮಗ ಮಾಡಿದ ಸಾಲವನ್ನು ತಂದೆಯೂ ತೀರಿಸಬೇಕಿಲ್ಲ, ಅದು ಕುಟುಂಬದ ಸಲುವಾಗಿ ಮಾಡಿದ್ದಲ್ಲದಿದ್ದರೆ. ಅಂದರೆ ಗೆಳೆಯರೊಡನೆ ಚಾಮುಂಡಿಬೆಟ್ಟಕ್ಕೆ ಹಾರಿದ್ದು ಮಗನ ಖಾತೆಗೆ, ಸೋದರತ್ತೆ ಮಗಳ ಮದುವೆಗೆ ಹಾರಿದ್ದು ಅಪ್ಪನ ಖಾತೆಗೆ. ಇದನ್ನು ಬಲ್ಲ ಮಕ್ಕಳು ಬೆಟ್ಟದಿಂದ ಬರುವಾಗಲೂ ಹೆದ್ದಾರಿ ಇಳಿದು, ಮದ್ದೂರಿನಲ್ಲಿ ಸಾಲು ನಿಂತು, ಮನೆಮಂದಿಗೆಲ್ಲ ವಡೆ ಕಟ್ಟಿಸಿಕೊಂಡು ಬರುತ್ತಾರೆ. ಉಳಿಸಿದ 16 ನಿಮಿಷ ಅಲ್ಲೇ ಖರ್ಚಾಗುತ್ತದೆ ನಿಜ, ಆದರೆ ಪ್ರಯಾಣ ಕುಟುಂಬಾರ್ಥವಾಗುತ್ತದೆ. ಬಿಲ್ಲಿನ ಮೇಲೆ ತಾರೀಖು ಇದೆಯೇ ನೋಡಿಕೊಳ್ಳಿ.