ಟೆಸ್ಟರ್ ಮಿನುಗಿದರೆ ಪಾಸು!

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕರೆಂಟಿನ ಈ ತವರಲ್ಲಿ ಮನೆ ವೈರಿಂಗಿಗೆ ಇಂದಿಗೂ ಒಂದೇ ಪರೀಕ್ಷೆ: ಟೆಸ್ಟರ್ ಚುಚ್ಚು, ಮಿನುಗಿದರೆ ಪಾಸು. ಹೊಸ ಮೀಟರಿಗಾಗಿ ಲೈಸೆನ್ಸ್ ಉಳ್ಳ ಗುತ್ತಿಗೆದಾರರ ಸಹಿ ಹುಡುಕಿ ಮಂಡ್ಯವೆಲ್ಲ ಅಲೆಯುವ ನಾವು, ಆಮೇಲೆ ಗೀಸರ್ ಪಾಯಿಂಟ್ ಎಳೆಯಲು ನಲ್ಲಿ ರಿಪೇರಿಗೆ ಬಂದವನಾದರೂ ಸರಿ ಎನ್ನುತ್ತೇವೆ. ‘ಸಣ್ಣ ಕೆಲಸ ಸ್ವಾಮಿ, ಇದಕ್ಕೂ ಸರ್ಟಿಫಿಕೇಟೇ?’ ಎಂಬ ಆಕ್ಷೇಪದಲ್ಲಿ ಅರ್ಧ ನ್ಯಾಯವಿದೆ. ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸಲು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವೂ ಲೈಸೆನ್ಸ್ ಕೇಳದು; ವೈರಿಂಗಿಗೆ ಹೊಸದು ಸೇರಿಸುವ, ಅದನ್ನು ಬದಲಿಸುವ, ರಿಪೇರಿ ಮಾಡುವ ಕೆಲಸಕ್ಕೆ ಕೇಳುತ್ತದೆ. 9 ವ್ಯಾಟಿನ ಬಲ್ಬಿಗೆಂದು ಎಳೆದ ತಂತಿಗೆ 2000 ವ್ಯಾಟಿನ ಗೀಸರ್ ಗಂಟುಹಾಕಿದರೆ ಮೊದಲು ಬಿಸಿಯಾಗುವುದು ನೀರಲ್ಲ, ಗೋಡೆ. ಟೆಸ್ಟರಿಗೆ ಇದು ಗೊತ್ತಾಗದು. ಪ್ಲಗ್ ಪಾಯಿಂಟಿನ ಮೂರನೇ ತೂತಿಗೆ ಅರ್ಥಿಂಗ್ ಉಂಟೋ, ಅದು ಬರೀ ಅಲಂಕಾರವೋ ಎಂದೂ ಅದು ಹೇಳದು. ‘ಕಾಗದ ಶಾಕ್ ತಡೆಯುತ್ತದೆಯೇ?’ ಎಂದು ಮದ್ದೂರು ವಡೆ ಮುರಿಯುತ್ತಾ ಕೇಳುವವರೂ ಇದ್ದಾರೆ. ಖಂಡಿತ ತಡೆಯದು. ಆದರೆ ಹೆಸರು ಬರೆದು ಸಹಿ ಹಾಕಬೇಕಾದವನು ತಂತಿಯ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಚ್ಚಿ ನೋಡದೆ ಪೆನ್ನು ತೆಗೆಯಲು ಅಂಜುತ್ತಾನೆ. ನಮಗೆ ಬೇಕಾದ್ದು ಆ ಅಂಜಿಕೆ. ಅಲ್ಲಿಯವರೆಗೆ, 30 ಮಿಲಿಆಂಪಿಯರ್ ಸೋರಿದರೇ ಲೈನು ಕಡಿಯುವ ಆರ್‌ಸಿಸಿಬಿ ಹಾಕಿಸಿ, ಅದರ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಒತ್ತಲು ಯಾವ ಲೈಸೆನ್ಸೂ ಬೇಡ.